"ಹಲ್ಲೆಲ್ಲ ಕಿತ್ತುಬಿಡ್ರಿ ಮೇಡಂ" ಅನ್ನುವ ಮುಂಚೆ ಆ ಬಾಯೊಳಗೆ ಒಮ್ಮೆ ನೋಡಿ

ಈ ತಿಂಗಳು ಬಂದ ಪ್ರಶ್ನೆಗಳನ್ನು ಓದಿ ನನಗೆ ಸಿಟ್ಟೂ ಬಂತು, ಸಂಕಟವೂ ಆಯಿತು. ಅರ್ಧಕ್ಕೂ ಜಾಸ್ತಿ ಪತ್ರಗಳು ಒಂದೇ ವಿಷಯದ ಮೇಲಿವೆ. ಬುದ್ಧಿ ಬೆಳವಣಿಗೆ ನಿಧಾನ ಇರುವ, ಆಟಿಸಂ ಅಥವಾ ಸೆರೆಬ್ರಲ್ ಪಾಲ್ಸಿ ಇರುವ ಮಕ್ಕಳು ತಮ್ಮ ತುಟಿ, ನಾಲಿಗೆ, ಬೆರಳನ್ನು ತಾವೇ ಕಚ್ಚಿ ಗಾಯ ಮಾಡಿಕೊಳ್ಳುವುದು. ಬೆಳಗಾವಿಯ ನನ್ನ ಕ್ಲಿನಿಕ್ಕಿನಲ್ಲೂ ವಾರಕ್ಕೆರಡು ಸಲ ಇದೇ ಮಾತು. ಅವರು ನನ್ನ ಹತ್ತಿರ ಬರುವಷ್ಟರಲ್ಲಿ ಆ ಗಾಯದ ಮೇಲೆ ಸುಣ್ಣ, ತಂಬಾಕು, ಮಿಶ್ರಿ (ಹುರಿದ ತಂಬಾಕಿನ ಪುಡಿ), ಯಾರೋ ಪೊಟ್ಟಣ ಕಟ್ಟಿ ಕೊಟ್ಟ ಪುಡಿ ಎಲ್ಲಾ ಬಿದ್ದಿರುತ್ತದೆ. ಹಾಗಾಗಿ ಈ ಸಲ ಒಂದು ಪತ್ರಕ್ಕೆ ಉದ್ದ ಉತ್ತರ, ಉಳಿದವಕ್ಕೆ ಚಿಕ್ಕದು. ದಿನಕ್ಕೆರಡು ಸಲ ಬ್ರಷ್ ಮಾಡಿಸಿ, ಸಿಹಿ ಕಡಿಮೆ ಕೊಡಿ ಅನ್ನುವುದನ್ನೆಲ್ಲ ಇಲ್ಲಿ ಬರೆಯುವುದಿಲ್ಲ, ಅದು ನಿಮಗೆ ಗೊತ್ತು.

ಪ್ರಶ್ನೆ: ಮಗನಿಗೆ 7 ವರ್ಷ. ಮಾತು ಬಂದಿಲ್ಲ, ಬುದ್ಧಿ ಬೆಳವಣಿಗೆ ನಿಧಾನ ಅಂತ ಕಾರ್ಡ್ ಮಾಡಿಸಿದ್ದೇವೆ. ದೀಪಾವಳಿಯಿಂದ ಈಚೆಗೆ ಕೆಳತುಟಿ ಕಚ್ಚಿಕೊಳ್ಳುತ್ತಾನೆ. ಬಲಗಡೆ ಹರಿದು ಹೋಗಿದೆ, ವಾಸನೆ ಬರುತ್ತದೆ. ರೊಟ್ಟಿ ಬಿಟ್ಟಿದ್ದಾನೆ. ಗದರಿದರೆ, ಹೊಡೆದರೆ ಇನ್ನೂ ಜಾಸ್ತಿ ಮಾಡುತ್ತಾನೆ. ನಮ್ಮ ಕಡೆ ಒಬ್ಬ ಡಾಕ್ಟರು ಮುಂದಿನ ಹಲ್ಲೆಲ್ಲ ಕಿತ್ತರೆ ಮುಗೀತು ಅಂದರು. ಅತ್ತೆಯವರು ಯಲ್ಲಮ್ಮನ ಗುಡ್ಡಕ್ಕೆ ಹೋಗಿ ಬರೋಣ ಅಂತಾರೆ. ಹಲ್ಲು ಕೀಳಿಸಲೋ ಬೇಡವೋ ಮೇಡಂ?
– ರಾಮದುರ್ಗ ತಾಲ್ಲೂಕಿನಿಂದ ಒಬ್ಬ ತಾಯಿ

ಉತ್ತರ: ತಂಗೀ, ಗುಡ್ಡಕ್ಕೆ ಹೋಗಬೇಡಿ ಅಂತ ನಾನು ಹೇಳುವುದಿಲ್ಲ. ಆದರೆ ಮೊದಲು ಬೆಳಗಾವಿಗೆ ಬನ್ನಿ, ಅಥವಾ ಬಾಗಲಕೋಟೆಗೆ ಹೋಗಿ, ವಾಪಸು ಬರುವಾಗ ಸವದತ್ತಿ ಮೇಲೆ ಹೋಗಿ ಬನ್ನಿ. ಹಲ್ಲು ಕೀಳಬೇಕಾ ಅನ್ನುವುದು ಕೊನೆಗೆ ಕೇಳಬೇಕಾದ ಪ್ರಶ್ನೆ. ನಿಮ್ಮ ಪತ್ರದಲ್ಲಿ ನನ್ನ ಕಣ್ಣಿಗೆ ಬಿದ್ದಿದ್ದು ಬೇರೆ ಎರಡು ಮಾತು: ವಾಸನೆ ಬರುತ್ತದೆ, ರೊಟ್ಟಿ ಬಿಟ್ಟಿದ್ದಾನೆ. ಜೊತೆಗೆ ಇನ್ನೊಂದು, ದೀಪಾವಳಿಯಿಂದ ಈಚೆಗೆ. ಆರು ವರ್ಷ ಕಚ್ಚಿಕೊಳ್ಳದ ಮಗು ಈಗ ಯಾಕೆ ಶುರು ಮಾಡಿತು? ಇದನ್ನು ಯಾರೂ ಕೇಳಲಿಲ್ಲವಲ್ಲ, ನನ್ನ ಸಿಟ್ಟು ಅದರ ಮೇಲೆ.

ಮಾತು ಬಾರದ ಮಗು ಇದ್ದಕ್ಕಿದ್ದಂತೆ ತನಗೆ ತಾನೇ ಗಾಯ ಮಾಡಿಕೊಳ್ಳಲು ಶುರು ಮಾಡಿದರೆ ಅದು ಹಟ ಅಂತ ತಿಳಿಯಬೇಡಿ, ಎಲ್ಲೋ ನೋವಿದೆ ಅಂತ ತಿಳಿದು ಹುಡುಕಿ. ಹುಳುಕು ಹಲ್ಲು ಇರಬಹುದು, ಕಿವಿ ಸೋರುತ್ತಿರಬಹುದು, ನಾಲ್ಕು ದಿನದಿಂದ ಮಲ ಕಟ್ಟಿರಬಹುದು, ಹೊಟ್ಟೆಯ ಹುಳಿ ಗಂಟಲಿಗೆ ಬರುತ್ತಿರಬಹುದು. ದೊಡ್ಡ ಹೆಣ್ಣುಮಕ್ಕಳಲ್ಲಿ ಮುಟ್ಟಿನ ಹೊಟ್ಟೆನೋವು ಇರಬಹುದು. ನಾವು "ಹಲ್ಲು ನೋಯ್ತದ" ಅಂತ ಕೆನ್ನೆ ಹಿಡಿದು ಕೂರುತ್ತೇವೆ, ಆ ಮಗು ಕೆನ್ನೆಗೆ ಗುದ್ದಿಕೊಳ್ಳುತ್ತದೆ ಇಲ್ಲಾ ತುಟಿ ಕಚ್ಚುತ್ತದೆ. ಅಷ್ಟೇ ವ್ಯತ್ಯಾಸ.

ಕೆಲವು ವರ್ಷದ ಹಿಂದೆ ಗೋಕಾಕ ಕಡೆಯಿಂದ ಒಬ್ಬ ಹುಡುಗ ಬಂದಿದ್ದ. 11 ವರ್ಷ, ಆಟಿಸಂ. ಎಡ ದವಡೆಗೆ ಕೈಯಿಂದ ಹೊಡೆದುಕೊಳ್ಳುತ್ತಿದ್ದ, ಕೆನ್ನೆಯ ಒಳಭಾಗ ಕಚ್ಚಿ ಕಚ್ಚಿ ಕೆಂಪು ಮಾಂಸ ಕಾಣುತ್ತಿತ್ತು. ನಾಲ್ಕು ತಿಂಗಳಿಂದ ಅವನನ್ನು ಸುಮ್ಮನಿರಿಸುವ ಮಾತ್ರೆ ಕೊಟ್ಟಿದ್ದರು, ಡೋಸ್ ಎರಡು ಸಲ ಏರಿಸಿದ್ದರು. ಬಾಯಿ ತೆರೆದು ನೋಡಿದವರು ಒಬ್ಬರೂ ಇಲ್ಲ. ಅವನ ತಾಯಿ ಮತ್ತು ನಾನು ಎದುರುಬದುರು ಕುಳಿತು ಮಂಡಿಗೆ ಮಂಡಿ ತಾಗಿಸಿ, ಅವನ ತಲೆ ನನ್ನ ತೊಡೆಯ ಮೇಲೆ ಬರುವ ಹಾಗೆ ಮಲಗಿಸಿ ಬ್ಯಾಟರಿ ಬಿಟ್ಟು ನೋಡಿದೆವು. ಅಷ್ಟು ದೊಡ್ಡ ಹುಡುಗನನ್ನು ಹಾಗೆ ಹಿಡಿಯುವುದು ಸುಲಭ ಇರಲಿಲ್ಲ, ಅವನ ಅಪ್ಪ ಕಾಲು ಹಿಡಿದಿದ್ದರು. ಎಡಗಡೆ ಕೆಳಗಿನ ದವಡೆ ಹಲ್ಲಿನ ಬುಡದಲ್ಲಿ, ಒಸಡಿನ ಮೇಲೆ ಜೋಳದ ಕಾಳಿನಷ್ಟು ಒಂದು ಗುಳ್ಳೆ. ಬೆರಳು ತಾಗಿಸಿದರೆ ಕೀವು ಬಂತು. ಆ ಹಲ್ಲು ತೆಗೆದ ಮೇಲೆ ಒಂದೇ ವಾರದಲ್ಲಿ ಹೊಡೆದುಕೊಳ್ಳುವುದು ನಿಂತಿತು. "ನಾಕ್ ತಿಂಗಳ ನಾ ಇವಂಗ ಹೊಡದೇನ್ರೀ ಮೇಡಂ" ಅಂತ ಆ ತಾಯಿ ನನ್ನ ಮುಂದೆ ಅತ್ತರು. ಅದಕ್ಕೇ ಹೇಳುತ್ತಿದ್ದೇನೆ, ಇವತ್ತಿನಿಂದ ಅವನಿಗೆ ಹೊಡೆಯಬೇಡಿ.

ನಿಮ್ಮ ಮಗನ ವಯಸ್ಸಿಗೆ ಇನ್ನೊಂದು ವಿಷಯ ಇದೆ. 6–7 ವರ್ಷಕ್ಕೆ ಮುಂದಿನ ಹಾಲುಹಲ್ಲು ಬಿದ್ದು ಹೊಸ ಹಲ್ಲು ಬರುತ್ತವೆ. ಹೊಸದಾಗಿ ಬಂದ ಮುಂದಿನ ಹಲ್ಲಿನ ಅಂಚನ್ನು ಹತ್ತಿರದಿಂದ ನೋಡಿದ್ದೀರಾ? ಮೂರು ಸಣ್ಣ ಉಬ್ಬು ಇರುತ್ತದೆ, ಗರಗಸದ ಹಾಗೆ. ಅಲ್ಲಾಡುವ ಹಾಲುಹಲ್ಲಿನ ಕಿರಿಕಿರಿಗೆ ಮಗು ತುಟಿಯನ್ನು ಒಳಗೆ ಎಳೆದುಕೊಳ್ಳುತ್ತದೆ, ಗರಗಸ ಅದನ್ನು ಕೊಯ್ಯುತ್ತದೆ, ಕೊಯ್ದ ಜಾಗ ಊದುತ್ತದೆ, ಊದಿದ್ದು ಮತ್ತೆ ಹಲ್ಲಿಗೇ ಸಿಗುತ್ತದೆ. ಇಂಥದ್ದರಲ್ಲಿ ನಾನು ಮಾಡುವುದು ಐದು ನಿಮಿಷದ ಕೆಲಸ, ಆ ಅಂಚನ್ನು ಉಜ್ಜಿ ನುಣ್ಣಗೆ ಮಾಡುವುದು. ಅಲ್ಲಾಡುವ ಹಾಲುಹಲ್ಲು ಇದ್ದರೆ ಅದನ್ನು ತೆಗೆಯುವುದಕ್ಕೆ ನನ್ನ ತಕರಾರಿಲ್ಲ, ಅದು ಹೇಗೂ ಬೀಳುವಂಥದ್ದು. ಹೊಸ ಹಲ್ಲು ಕಿತ್ತರೆ ಮತ್ತೆ ಬರುವುದಿಲ್ಲ.

ಎಲ್ಲ ಮಕ್ಕಳದೂ ಇಷ್ಟು ಸುಲಭ ಇರುವುದಿಲ್ಲ, ಅದನ್ನೂ ಹೇಳಬೇಕು. ಹುಡುಗನಿಗೆ ಕೈಕಾಲು ಸೆಟೆದು ತಿರುಚಿದ ಹಾಗೆ ಆಗುತ್ತಿದ್ದರೆ, ತುಟಿಯ ಜೊತೆ ಬೆರಳೂ ಕಚ್ಚುತ್ತಿದ್ದರೆ, ಕೂಸಿದ್ದಾಗ ಅವನ ಬಟ್ಟೆಯಲ್ಲಿ ಕಿತ್ತಳೆ ಬಣ್ಣದ ಮರಳಿನಂಥದ್ದು ಕಂಡಿದ್ದರೆ ಡಾಕ್ಟರಿಗೆ ಮರೆಯದೆ ಹೇಳಿ. ಲೆಶ್–ನೈಹಾನ್ ಅನ್ನುವ ಕಾಯಿಲೆ ಇದೆ, ಆ ಹೆಸರಿನ ಇಬ್ಬರು 1964ರಲ್ಲಿ ಅದನ್ನು ಬರೆದರು. ಒಂದು ಕಿಣ್ವದ ಕೊರತೆಯಿಂದ ಮೈಯಲ್ಲಿ ಯೂರಿಕ್ ಆಸಿಡ್ ಏರುತ್ತದೆ, ರಕ್ತ ಪರೀಕ್ಷೆಯಲ್ಲಿ ಸಾಮಾನ್ಯವಾಗಿ ಸುಳಿವು ಸಿಗುತ್ತದೆ. ಯೂರಿಕ್ ಆಸಿಡ್‌ಗೆ ಮಾತ್ರೆ ಇದೆ, ಕಿಡ್ನಿ ಉಳಿಸುತ್ತದೆ, ಆದರೆ ಕಚ್ಚುವುದನ್ನು ಅದು ನಿಲ್ಲಿಸುವುದಿಲ್ಲ. ಈ ಮಕ್ಕಳಿಗೆ ನೋವು ಪೂರ್ತಿ ಗೊತ್ತಾಗುತ್ತದೆ. ಕಚ್ಚಬಾರದು ಅಂತ ಅವರಿಗೂ ಇರುತ್ತದೆ, ತಡೆಯಲು ಆಗುವುದಿಲ್ಲ. ಮಾತು ಬರುವ ಮಕ್ಕಳು ತಾವೇ "ಕೈ ಕಟ್ಟು" ಅಂತ ಕೇಳುತ್ತಾರೆ, ಕಟ್ಟಿದ ಮೇಲೆ ಸಮಾಧಾನ ಆಗುತ್ತಾರೆ. ಇದು ತಾಯಿಯ ಕಡೆಯಿಂದ ಗಂಡುಮಕ್ಕಳಿಗೆ ಬರುತ್ತದೆ. ಹಾಗಂತ ಯಾರಾದರೂ ತಾಯಿಯನ್ನು ದೂರಿದರೆ ನನ್ನ ಹತ್ತಿರ ಕಳಿಸಿ, ನಾನು ಮಾತಾಡುತ್ತೇನೆ.

ಇನ್ನು ಕೆಲವು ಮಕ್ಕಳಿಗೆ ಹುಟ್ಟಿನಿಂದಲೇ ನೋವು ಗೊತ್ತಾಗುವುದಿಲ್ಲ. ಬಿಸಿ ತವೆ ಮುಟ್ಟಿದರೂ ಅಳುವುದಿಲ್ಲ, ಬೆವರು ಬರುವುದಿಲ್ಲ, ಕಾರಣವಿಲ್ಲದೆ ಜ್ವರ ಏರುತ್ತದೆ, ಹಲ್ಲು ಹುಟ್ಟಿದ ದಿನದಿಂದ ನಾಲಿಗೆ ತುದಿ ಕಚ್ಚಿ ಹಾಕುತ್ತಾರೆ. ತಂದೆ ತಾಯಿ ಇಬ್ಬರಿಂದಲೂ ಬರುವ ದೋಷ ಇದು. ನಮ್ಮ ಕಡೆ ಸೋದರಮಾವನಿಗೆ, ಅತ್ತೆಯ ಮಗನಿಗೆ ಕೊಡುವುದು ಜಾಸ್ತಿ ಅಲ್ವಾ, ಅಂಥ ಮನೆಗಳಲ್ಲಿ ಇದರ ಸಾಧ್ಯತೆ ಹೆಚ್ಚು. ಎರಡೂ ಬಹಳ ಅಪರೂಪದ ಕಾಯಿಲೆ. ನಿಮ್ಮ ಮಗನಿಗೆ ಇದೇ ಇದೆ ಅಂತ ಹೆದರಬೇಡಿ, ಕೇಳಿ ತಿಳಿದುಕೊಳ್ಳಿ ಅಷ್ಟೇ.

ಈಗ ವಾಸನೆಯ ವಿಷಯಕ್ಕೆ ಬರುತ್ತೇನೆ, ನನಗೆ ಜಾಸ್ತಿ ಚಿಂತೆ ಇರುವುದು ಅದರ ಮೇಲೆ. ಬಾಯಿ ಅಂದರೆ ಸೂಕ್ಷ್ಮಾಣುಗಳ ಮನೆ. ಹರಿದ ತುಟಿಯನ್ನು ದಿನಾ ಮತ್ತೆ ಮತ್ತೆ ಹಲ್ಲಿನಿಂದ ಚುಚ್ಚಿದರೆ ಅವು ಆಳಕ್ಕೆ ಇಳಿಯುತ್ತವೆ. ಸೋಂಕು ತುಟಿಯಿಂದ ಮುಖಕ್ಕೆ, ಹಲ್ಲಿನ ಬುಡದಿಂದ ದವಡೆಗೆ, ಅಲ್ಲಿಂದ ಕುತ್ತಿಗೆಗೆ ಹೋಗಬಹುದು. ಮೂಗು ಮೇಲ್ತುಟಿಯ ಭಾಗದ ಸೋಂಕು, ಅಪರೂಪಕ್ಕೆ, ರಕ್ತನಾಳದ ಮೂಲಕ ಕಣ್ಣಿನ ಹಿಂದಕ್ಕೂ ಏರುತ್ತದೆ. ಮಾತಾಡುವ ಮಗು ಮೊದಲ ದಿನವೇ ಅಳುತ್ತದೆ. ನಿಮ್ಮ ಮಗ ಹೇಳಲಾರ, ಹಾಗಾಗಿ ನೀವು ಬೇರೆ ಗುರುತು ನೋಡಬೇಕು. ಜೊಲ್ಲು ಮೊದಲಿಗಿಂತ ಜಾಸ್ತಿಯಾಯಿತಾ, ಒಂದೇ ಬದಿಯಲ್ಲಿ ಅಗಿಯುತ್ತಾನಾ, ರಾತ್ರಿ ಎದ್ದು ಕೂರುತ್ತಾನಾ, ಮುಖ ಮುಟ್ಟಲು ಬಿಡುವುದಿಲ್ಲವಾ, ಗದ್ದದ ಕೆಳಗೆ ಗಂಟು ಸಿಗುತ್ತದಾ.

ಕೆಲವನ್ನು ಕಂಡರೆ ಬೆಳಗಾಗಲಿ ಅಂತ ಕಾಯಲೇಬಾರದು. ಗದ್ದದ ಕೆಳಗೆ ಎರಡೂ ಬದಿ ಗಟ್ಟಿಯಾಗಿ ಊದಿದೆ, ನಾಲಿಗೆ ಮೇಲಕ್ಕೆ ಎದ್ದ ಹಾಗಿದೆ, ಜೊಲ್ಲು ನುಂಗಲು ಆಗುತ್ತಿಲ್ಲ, ದನಿ ಬದಲಾಗಿದೆ, ಬಾಯಿ ತೆರೆಯಲು ಬರುತ್ತಿಲ್ಲ, ಊತ ಕಣ್ಣಿನವರೆಗೆ ಏರಿದೆ, ಜ್ವರದ ಜೊತೆ ಮಗು ಮಂಕಾಗಿದೆ. ಇದರಲ್ಲಿ ಒಂದು ಕಂಡರೂ 108ಕ್ಕೆ ಫೋನ್ ಮಾಡಿ ದೊಡ್ಡಾಸ್ಪತ್ರೆಗೆ ಹೋಗಿ. ಹಲ್ಲಿನ ಡಾಕ್ಟರನ್ನು ಹುಡುಕುತ್ತಾ ಕೂರಬೇಡಿ, ಆ ಹೊತ್ತಿಗೆ ಮೊದಲು ಉಳಿಸಬೇಕಾದದ್ದು ಉಸಿರು.

ಅಂಥದ್ದೇನೂ ಇಲ್ಲದಿದ್ದರೆ, ನಮ್ಮ ಹತ್ತಿರ ಬರುವವರೆಗೆ ಮನೆಯಲ್ಲಿ ಇಷ್ಟು ಮಾಡಿ. ಕುದಿಸಿ ಆರಿಸಿದ ಒಂದು ಲೋಟ ನೀರಿಗೆ ಅರ್ಧ ಚಮಚ ಉಪ್ಪು ಹಾಕಿ, ಮೆಡಿಕಲ್ ಅಂಗಡಿಯ ಗಾಜ್ ಬಟ್ಟೆ ಅದ್ದಿ ಹಿಂಡಿ, ಊಟ ಆದ ಮೇಲೆ ಪ್ರತಿ ಸಲ ಗಾಯವನ್ನು ಮೆಲ್ಲಗೆ ಒರೆಸಿ. ಹೊರತುಟಿಗೆ ತೆಳುವಾಗಿ ವ್ಯಾಸಲೀನ್ ಹಚ್ಚಿ, ಒಣಗಿ ಸಿಪ್ಪೆ ಎದ್ದರೆ ಮಕ್ಕಳು ಅದನ್ನೇ ಕಚ್ಚಿ ಎಳೆಯುತ್ತಾರೆ. ಕಟಕ ರೊಟ್ಟಿ, ಶೇಂಗಾ ಚಟ್ನಿ, ಖಾರ ಸದ್ಯಕ್ಕೆ ಬೇಡ. ನುಚ್ಚು ಮಜ್ಜಿಗೆ, ಮೊಸರನ್ನ, ತಣ್ಣಗಿನ ಗಂಜಿ ಕೊಡಿ. ಧನುರ್ವಾಯು ಇಂಜೆಕ್ಷನ್ ಯಾವಾಗ ಆಗಿದೆ ಅಂತ ತಾಯಿ ಕಾರ್ಡ್ ತೆಗೆದು ನೋಡಿ. ಬಾಯೊಳಗೆ ನೋಡುವಾಗ ಬೆರಳನ್ನು ಕೆನ್ನೆ ಮತ್ತು ಹಲ್ಲಿನ ನಡುವೆ ಹೊರಗಿನಿಂದ ಸರಿಸಿ, ಮೇಲಿನ ಕೆಳಗಿನ ಹಲ್ಲಿನ ಮಧ್ಯೆ ಯಾವತ್ತೂ ಬೆರಳಿಡಬೇಡಿ.

ಸುಣ್ಣ ಹಚ್ಚಬೇಡಿ, ಅದು ಮಾಂಸ ಸುಡುತ್ತದೆ. ತಂಬಾಕು, ಮಿಶ್ರಿ ಮಗುವಿನ ಬಾಯಿಗೆ ಇಡುವವರನ್ನು ಕಂಡರೆ ನನಗೆ ಮೈ ಉರಿಯುತ್ತದೆ, ಗಾಯದಿಂದ ನಿಕೋಟಿನ್ ನೇರ ರಕ್ತಕ್ಕೆ ಹೋಗುತ್ತದೆ. ಲವಂಗದ ಎಣ್ಣೆಯೂ ಹಸಿ ಗಾಯಕ್ಕೆ ಬೇಡ. ಮರಗಟ್ಟಿಸುವ ಜೆಲ್ ಅಂತೂ ಬೇಡವೇ ಬೇಡ. ಮೆಡಿಕಲ್ ಅಂಗಡಿಯವರು ಒಳ್ಳೆ ಮನಸ್ಸಿನಿಂದಲೇ ಕೊಡುತ್ತಾರೆ, ಆದರೆ ಮರಗಟ್ಟಿದ ತುಟಿ ತನ್ನದು ಅಂತಲೇ ಗೊತ್ತಾಗದೆ ಮಗು ಇನ್ನೂ ಆಳವಾಗಿ ಕಚ್ಚುತ್ತದೆ, ಜಾಸ್ತಿ ನುಂಗಿದರೆ ಫಿಟ್ಸ್ ಬರುವ ಅಪಾಯವೂ ಇದೆ. ಮನೆಯಲ್ಲಿ ಉಳಿದ ಆಂಟಿಬಯಾಟಿಕ್ ಮಾತ್ರೆ ಎರಡು ದಿನ ಕೊಟ್ಟು ನೋಡುವುದು ಬೇಡ. ಕೀವು ಒಳಗೇ ಇದ್ದರೆ ಮಾತ್ರೆ ಅದನ್ನು ಹೊರಗೆ ತರುವುದಿಲ್ಲ, ಊತ ಒಂದೆರಡು ದಿನ ಇಳಿದ ಹಾಗೆ ಮಾಡಿ ನಿಮಗೆ ಮೋಸ ಮಾಡುತ್ತದೆ.

ನೋವಿನ ಕಾರಣ ಸಿಕ್ಕಿ, ಅಂಚು ನುಣ್ಣಗೆ ಮಾಡಿದ ಮೇಲೂ ಕಚ್ಚುವುದು ನಿಲ್ಲದಿದ್ದರೆ ತಡೆ ಹಾಕುತ್ತೇವೆ. ಬಾಯಿಯ ಅಚ್ಚು ತೆಗೆದು ಮೆತ್ತಗಿನ ಪ್ಲಾಸ್ಟಿಕ್ಕಿನ ಮೌತ್‌ಗಾರ್ಡ್ ಮಾಡುತ್ತೇವೆ, ಇಲ್ಲವೇ ತುಟಿಯನ್ನು ಹಲ್ಲಿನಿಂದ ದೂರ ತಳ್ಳುವ ಲಿಪ್ ಬಂಪರ್. ಕೆಲವು ಮಕ್ಕಳು ಮೂರು ದಿನದಲ್ಲಿ ಒಗ್ಗಿಕೊಳ್ಳುತ್ತಾರೆ, ಕೆಲವರು ಮೊದಲ ಗಂಟೆಯಲ್ಲೇ ಉಗುಳುತ್ತಾರೆ. ಕಚ್ಚಿ ತುಂಡು ಮಾಡುವ ಮಗುವಿಗೆ, ಫಿಟ್ಸ್ ಇರುವ ಮಗುವಿಗೆ ತೆಗೆದು ಹಾಕುವ ಗಾರ್ಡ್ ಕೊಡಲು ನಾನು ಹಿಂಜರಿಯುತ್ತೇನೆ, ತುಂಡು ಉಸಿರಿನ ಕೊಳವೆಗೆ ಹೋದರೆ ಅನಾಹುತ. ಅಂಥವರಿಗೆ ಹಲ್ಲಿಗೇ ಅಂಟಿಸಿ ಕೂರಿಸುವ ದಾರಿ ಇದೆ. ಗಾರ್ಡನ್ನು ದಿನಾ ತೊಳೆಯದಿದ್ದರೆ ಅದರ ಮೇಲೆ ಬೂಸ್ಟು ಬೆಳೆದು ಬಾಯಿಗೆ ಹೊಸ ಸೋಂಕು ತರುತ್ತದೆ, ಇದನ್ನು ಬಹಳ ಮನೆಗಳಲ್ಲಿ ಮರೆಯುತ್ತಾರೆ. ಇದರ ಜೊತೆಗೆ ಒಂದು ಚಿಕ್ಕ ನೋಟ್‌ಬುಕ್ ಇಡಿ. ಯಾವಾಗ ಕಚ್ಚಿದ, ಅದಕ್ಕೆ ಮುಂಚೆ ಏನಾಯಿತು, ನೀವು ಏನು ಮಾಡಿದಿರಿ, ಮೂರೇ ಸಾಲು. ಹಸಿವಿಗಾ, ಮಿಕ್ಸರ್ ಸದ್ದಿಗಾ, ಒಬ್ಬನೇ ಇದ್ದಾಗಲಾ ಅಂತ ಎರಡು ವಾರದಲ್ಲಿ ಗೊತ್ತಾಗುತ್ತದೆ. ನನಗೆ ಆ ನೋಟ್‌ಬುಕ್ ಎಕ್ಸ್‌ರೇಗಿಂತ ಹೆಚ್ಚು ಹೇಳಿದ್ದುಂಟು.

ಹಲ್ಲು ಕೀಳುವುದು ಇದೆಲ್ಲ ಆದ ಮೇಲೆ. ನಾನೂ ಕಿತ್ತಿದ್ದೇನೆ, ಸುಳ್ಳು ಹೇಳುವುದಿಲ್ಲ. ಲೆಶ್–ನೈಹಾನ್ ಇರುವ ಕೆಲವು ಮಕ್ಕಳಲ್ಲಿ ತುಟಿ ಉಳಿಯಬೇಕಾದರೆ ಬೇರೆ ದಾರಿ ಇರುವುದಿಲ್ಲ, ಆಗ ತಾಯಿ ತಂದೆ ತಪ್ಪು ಮಾಡಿದೆವು ಅಂತ ಕೊರಗಬಾರದು. ಆದರೆ ಗಾಯ ಮಾಡುವ ಹಲ್ಲು ಯಾವುದು ಅಂತ ನೋಡಿ ಅದನ್ನಷ್ಟೇ ತೆಗೆಯಬೇಕು. ಕಾರಣವೇ ಹುಡುಕದೆ ಮೊದಲ ಭೇಟಿಯಲ್ಲೇ ಮುಂದಿನ ಹಲ್ಲೆಲ್ಲ ತೆಗೆಯೋಣ ಅನ್ನುವವರ ಹತ್ತಿರ ಎರಡನೇ ಸಲ ಹೋಗಬೇಡಿ. ಹಲ್ಲು ಹೋದ ಮಗು ನಾಳೆ ಬೆರಳು ಕಚ್ಚಿದರೆ, ತಲೆ ಗೋಡೆಗೆ ಬಡಿದುಕೊಂಡರೆ ಆಗೇನು ಕೀಳುತ್ತಾರೆ?

ಕುರ್ಚಿಯಲ್ಲಿ ಕೂರದಿದ್ದರೆ ಪೂರ್ತಿ ಅರಿವಳಿಕೆ ಕೊಟ್ಟು ಹುಳುಕು, ಕ್ಲೀನಿಂಗ್, ಅಂಚು, ಅಚ್ಚು ಎಲ್ಲಾ ಒಂದೇ ಸಲ ಮುಗಿಸಬಹುದು. ಬೆಳಗಾವಿ, ಬಾಗಲಕೋಟೆ, ವಿಜಯಪುರ ಮೂರೂ ಊರಲ್ಲಿ ಡೆಂಟಲ್ ಕಾಲೇಜುಗಳಿವೆ, ಅಲ್ಲಿ ಮಕ್ಕಳ ಹಲ್ಲಿನ ವಿಭಾಗ ಎಲ್ಲಿ ಅಂತ ಕೇಳಿ ಹೋಗಿ. "ಎಚ್ಚರ ತಪ್ಪಿಸಿದರ ಇದ್ದ ಬುದ್ಧೀನೂ ಹೋಗ್ತದ" ಅಂತ ಹೇಳುವವರ ಮಾತು ಕೇಳಬೇಡಿ. ಡಾಕ್ಟರು ಹೇಳಿದಷ್ಟು ಹೊತ್ತು ಖಾಲಿ ಹೊಟ್ಟೆಯಲ್ಲಿ ಇರಿಸಿ, ಹಾಲು ಅಥವಾ ಹಗುರ ತಿಂಡಿ ಆಗಿ ಕನಿಷ್ಠ 6 ತಾಸು. ಪಾಪ ಹಸಿದಿದ್ದಾನೆ ಅಂತ ಅಜ್ಜಿ ಕದ್ದು ಬಿಸ್ಕತ್ತು ಕೊಟ್ಟರೆ ಜೀವಕ್ಕೇ ಕುತ್ತು, ಮನೆಯಲ್ಲಿ ಎಲ್ಲರಿಗೂ ಹೇಳಿ ಇಡಿ.

ಪ್ರಶ್ನೆ: ಹಲ್ಲು ತೆಗೆಸಿದ ಮರುದಿನ ಮಗಳ ತುಟಿ ಊದಿ ಬೆಳ್ಳಗೆ ಪದರ ಕಟ್ಟಿದೆ. ಕೀವಾ? (ಜಮಖಂಡಿ)

ಉತ್ತರ: ಬಹುತೇಕ ಅಲ್ಲ. ಇಂಜೆಕ್ಷನ್ನಿಂದ ತುಟಿ ಮೂರ್ನಾಲ್ಕು ತಾಸು ಮರಗಟ್ಟಿರುತ್ತದೆ, ಆಗ ಕಚ್ಚಿಕೊಂಡಿದ್ದಾಳೆ. ಆ ಬಿಳಿ ಪದರ ಗಾಯ ಮಾಯುವ ಗುರುತು, ಕೆರೆದು ತೆಗೆಯಬೇಡಿ. ಜ್ವರ ಬಂದರೆ ಅಥವಾ ಮೂರು ದಿನವಾದರೂ ಊತ ಏರುತ್ತಿದ್ದರೆ ತೋರಿಸಿ.

ಪ್ರಶ್ನೆ: ಹಲ್ಲಿನ ಹುಳ ಹೊಗೆ ಹಾಕಿ ತೆಗೆಯುವವರು ಸಂತೆಗೆ ಬರುತ್ತಾರೆ. ಅಕ್ಕನ ಮಗನಿಗೆ ಸೆರೆಬ್ರಲ್ ಪಾಲ್ಸಿ ಇದೆ, ಮಾಡಿಸಬಹುದಾ? (ಸಿಂದಗಿ)

ಉತ್ತರ: ಬೇಡ. ಹುಳುಕು ಹಲ್ಲಿನಲ್ಲಿ ಹುಳ ಇರುವುದಿಲ್ಲ, ಅವರು ತೋರಿಸುವುದು ಮೋಸ. ಆದರೆ ನಿಜವಾದ ಹುಳ ಬೇರೆ ರೀತಿಯಲ್ಲಿ ಬರುತ್ತದೆ, ಅದನ್ನು ತಿಳಿದಿರಿ. ಸದಾ ಬಾಯಿ ತೆರೆದು ಮಲಗುವ ಮಗುವಿನ ಬಾಯಿಯ ಗಾಯದ ಮೇಲೆ ನೊಣ ಮೊಟ್ಟೆ ಇಟ್ಟರೆ ಒಸಡಿನೊಳಗೆ ಮರಿಹುಳು ಬೆಳೆಯುತ್ತವೆ. ಮೇಲಿನ ಮುಂದಿನ ಒಸಡು ಊದಿ, ತೂತಾಗಿ, ಒಳಗೆ ಏನೋ ಮಿಸುಕಾಡುವುದು ಕಾಣುತ್ತದೆ, ಕೆಟ್ಟ ವಾಸನೆ ಇರುತ್ತದೆ. ಕಂಡರೆ ಅವತ್ತೇ ಆಸ್ಪತ್ರೆಗೆ ಹೋಗಿ, ಮನೆಯಲ್ಲಿ ಟರ್ಪಂಟೈನ್ ಹಾಕಬೇಡಿ, ಶ್ವಾಸಕೋಶಕ್ಕೆ ಇಳಿಯುತ್ತದೆ. ಹಗಲು ಮಲಗಿಸಿದಾಗಲೂ ಸೊಳ್ಳೆ ಪರದೆ ಕಟ್ಟಿ.

ಪ್ರಶ್ನೆ: ಫಿಟ್ಸ್ ಮಾತ್ರೆಯಿಂದ ಒಸಡು ಊದಿ ಹಲ್ಲು ಮುಚ್ಚಿಹೋಗಿದೆ. ಮಾತ್ರೆ ನಿಲ್ಲಿಸಲಾ? (ಇಳಕಲ್)

ಉತ್ತರ: ನಿಲ್ಲಿಸಲೇಬೇಡಿ. ಫೆನಿಟಾಯಿನ್ ಆಗಿದ್ದರೆ ಬೇರೆ ಮಾತ್ರೆಗೆ ಬದಲಿಸಬಹುದಾ ಅಂತ ಬರೆದುಕೊಟ್ಟ ಡಾಕ್ಟರನ್ನೇ ಕೇಳಿ.

ಪ್ರಶ್ನೆ: ಡೌನ್ ಸಿಂಡ್ರೋಮ್ ಇರುವ ಮಗಳಿಗೆ ಹಲ್ಲು ಕ್ಲೀನ್ ಮಾಡಿಸುವ ಮುಂಚೆ ಆಂಟಿಬಯಾಟಿಕ್ ಕೊಡಬೇಕಂತೆ, ಹೌದಾ? (ಬೆಳಗಾವಿ)

ಉತ್ತರ: ಎಲ್ಲರಿಗೂ ಬೇಡ. ಈ ಮಕ್ಕಳಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ಹುಟ್ಟಿನಿಂದ ಹೃದಯದ ತೊಂದರೆ ಇರುತ್ತದೆ. ಅದರಲ್ಲೂ ಮೈ ನೀಲಿಯಾಗುವ ದೋಷ ಸರಿಪಡಿಸದೆ ಉಳಿದಿದ್ದರೆ, ಕೃತಕ ಕವಾಟ ಹಾಕಿದ್ದರೆ, ಹಿಂದೆ ಹೃದಯಕ್ಕೆ ಸೋಂಕು ತಗುಲಿದ್ದರೆ, ಇಂಥ ಕೆಲವರಿಗೆ ಮಾತ್ರ ಕೆಲಸಕ್ಕೆ 30ರಿಂದ 60 ನಿಮಿಷ ಮುಂಚೆ ಒಂದೇ ಡೋಸ್. ಎಕೋ (ಹೃದಯದ ಸ್ಕ್ಯಾನ್) ರಿಪೋರ್ಟ್ ತನ್ನಿ, ನಾವು ಹೇಳುತ್ತೇವೆ.

ಪ್ರಶ್ನೆ: ಬ್ರಷ್ ಮಾಡಿಸುವಾಗ ಮಗ ನನ್ನ ಬೆರಳು ಕಚ್ಚಿ ರಕ್ತ ಬಂತು. ಅರಿಶಿಣ ಹಚ್ಚಿದ್ದೇನೆ. (ಅಥಣಿ)

ಉತ್ತರ: ಅರಿಶಿಣ ತೊಳೆಯಿರಿ. ಹರಿಯುವ ನೀರಲ್ಲಿ ಸೋಪು ಹಚ್ಚಿ ಐದರಿಂದ ಹತ್ತು ನಿಮಿಷ ತೊಳೆದು ಇವತ್ತೇ ಡಾಕ್ಟರಿಗೆ ತೋರಿಸಿ. ಮನುಷ್ಯರ ಕಡಿತ ನಾಯಿ ಕಡಿತಕ್ಕಿಂತ ಸುಲಭದ್ದು ಅಂತ ತಿಳಿಯಬೇಡಿ, ಬೆರಳಿನ ಕೀಲಿಗೆ ಸೋಂಕು ಇಳಿದರೆ ಬೆರಳು ಮಡಚಲು ಬರದ ಹಾಗೆ ಆಗುತ್ತದೆ.

ಪ್ರಶ್ನೆ: ಇಷ್ಟೆಲ್ಲ ಖರ್ಚು ಹೇಗೆ ಮೇಡಂ? (ಮುಧೋಳ)

ಉತ್ತರ: ಆಟಿಸಂ, ಸೆರೆಬ್ರಲ್ ಪಾಲ್ಸಿ, ಬುದ್ಧಿಮಾಂದ್ಯ, ಬಹುವಿಧ ಅಂಗವೈಕಲ್ಯ ಇರುವವರಿಗೆ ನ್ಯಾಷನಲ್ ಟ್ರಸ್ಟಿನ ನಿರಾಮಯ ವಿಮೆ ಇದೆ, ವರ್ಷಕ್ಕೆ 1 ಲಕ್ಷ ರೂಪಾಯಿವರೆಗೆ. ಬಹಳ ಮನೆಗಳಲ್ಲಿ ಅಂಗವಿಕಲರ ಕಾರ್ಡ್ ಇದೆ, ಇದು ಇಲ್ಲ. ಮಾಡಿಸಿ. ಅಂಗನವಾಡಿಗೆ, ಶಾಲೆಗೆ ಬರುವ ಬಾಲ ಸ್ವಾಸ್ಥ್ಯ ತಂಡದವರಿಗೆ ಮಗುವಿನ ಬಾಯಿಯನ್ನೂ ತೋರಿಸಿ, ಹಲ್ಲು ನೋಡುವುದು ಅವರ ಪಟ್ಟಿಯಲ್ಲೇ ಇದೆ.

ರಾಮದುರ್ಗದ ತಂಗಿಗೆ ಒಂದು ಮಾತು ಬಿಟ್ಟಿತ್ತು. ಬರುವ ಮುಂಚೆ ಫೋನ್ ಮಾಡಿ, ಬೆಳಗಿನ ಮೊದಲ ಸರದಿ ನಿಮಗೇ ಇಡುತ್ತೇನೆ, ಗದ್ದಲದಲ್ಲಿ ಅವನು ಕೂರುವುದು ಬೇಡ. ಅವನು ತಗೊಳ್ಳುವ ಮಾತ್ರೆಗಳ ಖಾಲಿ ಸ್ಟ್ರಿಪ್, ಅವನಿಗೆ ಇಷ್ಟದ ಹೊದಿಕೆ, ಆಟಿಕೆ ಏನಿದೆಯೋ ಅದನ್ನು ತನ್ನಿ. ಗಾಯದ ಮೇಲೆ ಆ ದಿನ ಏನೂ ಹಚ್ಚಬೇಡಿ.